ಕುರ್ಗಾನಿಗೆ ಕಳಿಸುವ ಕೊನೆ

ಕುರ್ಗಾನ್, ಸೈಬೀರಿಯಾ
೧೨ ನವೆಂಬರ್ ೧೯೧೨

ಅಕ್ಕ,

ನಿನ್ನೆ ನೀನು ಸತ್ತೆ. ನೀರಿಗೆ ಹಾರಿ ಸತ್ತೆ. ನಾನು ಎರಡನೇ ಸಾಲಿನಲ್ಲಿ ಕೂತು ನೋಡಿದೆ.

ಮಾವನ ಬೆಣ್ಣೆ ಗೋದಾಮಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಅಗಾಫ್ಯಾ ಪಕ್ಕದಲ್ಲಿದ್ದಳು. ಚಿತ್ರ ಶುರುವಾದಾಗ ನಾನು, "ನೋಡೇ, ಇವಳೇ ನಮ್ಮಕ್ಕ ದಾಗ್ನಿ, ಕೋಪನ್‌ಹೇಗನ್‌ನಲ್ಲಿ ಇರೋದು" ಎಂದು ಜಂಬ ಕೊಚ್ಚಿಕೊಂಡಿದ್ದೆ. ನೀನು ಮುಳುಗಿದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡು, "ಅಯ್ಯೋ, ಮನೆಯವ್ರಿಗೆ ಯಾವಾಗ ಗೊತ್ತಾಯ್ತೇ?" ಅಂದಳು. ಅದು ಆಟ ಕಣೇ ಎಂದರೆ ನಂಬಲಿಲ್ಲ. "ಆಟಕ್ಕೆ ಯಾರಾದ್ರೂ ಅಂಥ ನೀರಿಗೆ ಬೀಳ್ತಾರಾ? ನಿಂಗೆ ದುಃಖದಲ್ಲಿ ತಲೆ ಕೆಟ್ಟಿದೆ" ಎಂದು ತನ್ನ ಶಾಲನ್ನು ನನಗೆ ಹೊದಿಸಿದಳು.

ಇವತ್ತು ಅಮ್ಮನ ಕಾಗದ ಬಂತು. ಅಮ್ಮ ಯಾರಿಗೂ ಹೇಳದೆ ನಮ್ಮ ದ್ವೀಪದಿಂದ ದೋಣಿ ಹತ್ತಿ ಎಸ್ಬ್ಯೆರ್ಗ್ ಪೇಟೆಗೆ ಹೋಗಿ ಇದೇ ಚಿತ್ರ ನೋಡಿ ಬಂದಿದ್ದಾಳೆ. ಸಿನಿಮಾ ಪಾಪ ಎನ್ನುವ ಪ್ರಾರ್ಥನಾ ಮಂದಿರದ ಹೆಂಗಸರಿಗೆ ಗೊತ್ತಾದರೆ ಮತ್ತೆ ಅಮ್ಮನ ಜೊತೆ ಕೂತು ಕಾಫಿ ಕುಡಿಯುವವರಿಲ್ಲ. ಆದರೂ ಹೋಗಿದ್ದಾಳೆ. ಸಿನಿಮಾ ಸೇರಿದ ನಿನಗೆ ಕಾಗದ ಬರೆಯುವುದಿಲ್ಲ ಎಂಬ ಹಟ ಮಾತ್ರ ಬಿಟ್ಟಿಲ್ಲ. ನನಗೆ ಬರೆದಿದ್ದಾಳೆ: "ಅವಳು ಚೆನ್ನಾಗಿದ್ದಾಳೆ. ಕೊನೆಯಲ್ಲಿ ಆ ಹಡಗಿನ ಕಪ್ತಾನ ಓಡಿ ಬಂದು ದಡದ ಮೇಲೆಯೇ ಹಿಡಿದುಕೊಂಡ. ಮದುವೆಯೂ ಆಯಿತು. ಕೆನ್ನೆ ತುಂಬಿಕೊಂಡಿದೆ."

ಅದೇ ಚಿತ್ರ, ಅದೇ ಕಪ್ತಾನ, ನಿನ್ನ ತಲೆಯ ಮೇಲೆ ಅದೇ ಕೆಟ್ಟ ಟೋಪಿ. ಅಮ್ಮ ಸುಳ್ಳು ಹೇಳುವವಳಲ್ಲ. ನಾನಂತೂ ಅಲ್ಲ, ಮೇಷ್ಟ್ರು ಕುಡಿದು ಪಾಠಕ್ಕೆ ಬಂದಿದ್ದಾರೆ ಎಂದು ಹೇಳಿದ್ದಕ್ಕೆ ಕ್ಷಮೆ ಕೇಳು ಎಂದರು, ಕೇಳಲಿಲ್ಲ, ಶಾಲೆಯನ್ನೇ ಬಿಟ್ಟು ಮಾವನ ಹಿಂದೆ ಈ ಸೈಬೀರಿಯಾಕ್ಕೆ ಬಂದೆ. ಹಾಗಾದರೆ ನಮ್ಮಿಬ್ಬರಲ್ಲಿ ಯಾರು ಕಂಡದ್ದು ನಿಜ?

ಥೀರಾ

*

ಕೋಪನ್‌ಹೇಗನ್
೮ ಡಿಸೆಂಬರ್ ೧೯೧೨

ಪುಟ್ಟ ಥೀರಾ,

ಇಬ್ಬರು ಕಂಡದ್ದೂ ನಿಜ. ನಿನ್ನ ಕಾಗದ ಓದಿ ನಕ್ಕು ನಕ್ಕು ಮುಖದ ಬಣ್ಣ ಹಾಳಾಯಿತು.

ನಮ್ಮ ಕಂಪನಿಯಲ್ಲಿ ಪ್ರತಿ ಚಿತ್ರಕ್ಕೂ ಎರಡು ಕೊನೆ ತೆಗೆಯುತ್ತಾರೆ. ಒಂದು ನಮ್ಮ ದೇಶಕ್ಕೆ, ಜರ್ಮನಿಗೆ, ಇಂಗ್ಲೆಂಡಿಗೆ. ಇನ್ನೊಂದು ರಷ್ಯಾಕ್ಕೆ. ರಷ್ಯಾದ ಜನ ಅಳುವುದಕ್ಕೆಂದೇ ಬರುತ್ತಾರಂತೆ; ನಾಯಕಿ ಬದುಕಿಬಿಟ್ಟರೆ ಮೋಸ ಹೋದೆವು ಎಂದು ಜಗಳ ತೆಗೆಯುತ್ತಾರಂತೆ. ಹಾಗಾಗಿ ಬೆಳಿಗ್ಗೆ ಚಿತ್ರ ತೆಗೆಯುವ ಗಾಜಿನ ಮನೆಯಲ್ಲಿ ಬಿಸಿಲು ಇರುವಾಗ ನನ್ನ ಮದುವೆ ಮುಗಿಸುತ್ತಾರೆ. ಕಪ್ತಾನ ಮೀಸೆ ಕಿತ್ತಿಟ್ಟು ಮನೆಗೆ ಹೋಗುತ್ತಾನೆ. ಆಮೇಲೆ ದೊಡ್ಡ ಕರೆಂಟಿನ ದೀಪಗಳನ್ನು ಹಚ್ಚಿ ನನ್ನನ್ನು ಸಾಯಿಸುತ್ತಾರೆ. ನೀನು ನೋಡಿದ ನದಿ ಒಂದು ತೊಟ್ಟಿ. ನೀರನ್ನು ಬೆಚ್ಚಗೆ ಮಾಡಿದ್ದರು, ಅಗಾಫ್ಯಾಗೆ ಹೇಳು.

ಅಮ್ಮ ನಿಜವಾಗಿ ಹೋಗಿದ್ದಳೇ? ಯಾವ ಕೋಟು ಹಾಕಿಕೊಂಡು ಹೋಗಿದ್ದಳು ಅಂತ ಬರೆದಿದ್ದಾಳಾ?

ದಾಗ್ನಿ

*

ಕುರ್ಗಾನ್
೨೦ ಜನವರಿ ೧೯೧೩

ಅಕ್ಕ,

ಕರಿ ಕೋಟು. ಚರ್ಚಿಗೆ ಹಾಕುವುದು.

ಊರಿನಲ್ಲಿ ಈಗ ನಾನು ಸತ್ತವಳ ತಂಗಿ. ಮಾರುಕಟ್ಟೆಯಲ್ಲಿ ಹೆಂಗಸರು ದಾರಿ ಬಿಡುತ್ತಾರೆ. ನಿನ್ನ ಇನ್ನೊಂದು ಚಿತ್ರ ಬಂತು, ವಿಷ ಕುಡಿದದ್ದು. ಹಿಮದ ಗಾಡಿ ಕಟ್ಟಿಕೊಂಡು ದೂರದ ಹಳ್ಳಿಗಳಿಂದ ಬಂದಿದ್ದರು. ನಿಜ ಹೇಳುತ್ತೇನೆ, ಮೊದಲರ್ಧ ನೀನು ಮರದ ಬೊಂಬೆಯಂತೆ ಓಡಾಡಿದೆ. ಸಾಯುವಾಗ ಮಾತ್ರ ಮನುಷ್ಯಳಾದೆ. ಆಗ ಇಡೀ ಸಿನಿಮಾ ಮನೆ ಬಿಕ್ಕಿತು.

ಸಿನಿಮಾ ಮನೆಯ ಯಜಮಾನ ಪಾರ್ಫೆನ್ ಇಲಿಚ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡ. "ನಿಮ್ಮಕ್ಕಂಗೆ ಬರಿಯಮ್ಮ. ಸಾಯೋಕೆ ಅಷ್ಟೊಂದು ಅವಸರ ಯಾಕಂತೆ? ರೈಲು ತಪ್ಪುತ್ತಾ? ನಿಧಾನಕ್ಕೆ ಸಾಯ್ಲಿ. ಮುಖ ಹತ್ರ ತೋರಿಸ್ಲಿ, ಕಣ್ಣು ಕಾಣ್ಬೇಕು. ಜನ ಬರೋದೇ ಆ ಕಣ್ಣಿಗೆ" ಅಂದ. "ನೀವೇ ಬರೀರಿ" ಅಂದೆ. "ನಂಗೆ ನಿಮ್ಮ ಭಾಷೆ ಬಂದಿದ್ರೆ ನಿನ್ನ ಕೈ ಕಾಲು ಯಾಕೆ ಹಿಡೀತಿದ್ದೆ" ಅಂದ. ಅವನು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ನನಗೂ ಹಾಗೇ ಅನ್ನಿಸಿತು.

ಕೆಲಸ ಚೆನ್ನಾಗಿದೆ. ಪೀಪಾಯಿಯೊಳಗೆ ಉದ್ದನೆಯ ಕೊರೆಗೋಲು ಚುಚ್ಚಿ ತಳದ ಬೆಣ್ಣೆ ಎಳೆದು ಮೂಸಬೇಕು. ಮೇಲೆ ಒಳ್ಳೆಯದು ಹಚ್ಚಿ ಒಳಗೆ ಹಳಸಿದ್ದು ತುಂಬುವವರು ಇಲ್ಲಿ ಬೇಕಾದಷ್ಟಿದ್ದಾರೆ. ಮಾವ ಹೇಳುತ್ತಾನೆ, "ನಿನ್ನ ಮೂಗಿಗೂ ನಾಲಿಗೆಗೂ ಒಂದೇ ರೋಗ, ಮುಚ್ಚಿಟ್ಕೊಳ್ಳೋಕೆ ಬರಲ್ಲ."

ಥೀರಾ

*

ಕೋಪನ್‌ಹೇಗನ್
೨ ಮಾರ್ಚ್ ೧೯೧೩

ಪುಟ್ಟ ಥೀರಾ,

ನಿನ್ನ ಕಾಗದವನ್ನು ನಮ್ಮ ನಿರ್ದೇಶಕ ಥೋರ್ವಲ್ಡ್ ಅವರಿಗೆ ಓದಿ ಹೇಳಿದೆ. ಬೊಂಬೆ ಎಂದದ್ದನ್ನೂ ಸೇರಿಸಿ. ಅವರು ಮೇಜು ಕುಟ್ಟಿ ಎದ್ದರು. "ನೋಡ್ರಪ್ಪಾ, ರಷ್ಯಾದಲ್ಲಿರೋ ನಮ್ಮ ಕಛೇರಿಯವ್ರು ವರ್ಷಗಟ್ಟಲೆ ಬರೆದ್ರೂ ಇಷ್ಟು ಹೇಳಲಿಲ್ಲ. ಹತ್ರ ತೋರಿಸ್ಬೇಕಂತೆ, ಕಣ್ಣು ಕಾಣ್ಬೇಕಂತೆ." ಈಗ ದೀಪಗಳನ್ನು ಮುಖದ ಬಳಿಗೇ ಎಳೆದಿದ್ದಾರೆ. ಪರದೆ ತುಂಬ ನನ್ನ ಮುಖವೊಂದೇ ಇರುತ್ತದಂತೆ. ಇಡೀ ಕಂಪನಿಯಲ್ಲಿ ಇನ್ನು ಯಾರಿಗೂ ಈ ಭಾಗ್ಯವಿಲ್ಲ. ಗೋಡೆಗಳ ಮೇಲೆ ನನ್ನ ಹೆಸರು ಗಂಡಸರ ಹೆಸರಿಗಿಂತ ಮೇಲೆ ಬಂದಿದೆ.

ದೀಪದ ಕೆಳಗೆ ಕೆಲಸ ಮಾಡಿದವರೆಲ್ಲ ಮನೆಗೆ ಹೋಗಿ ಉರಿಯುವ ಕಣ್ಣ ಮೇಲೆ ಹಸಿ ಆಲೂಗೆಡ್ಡೆ ಹೋಳು ಇಟ್ಟುಕೊಂಡು ಮಲಗುತ್ತೇವೆ. ಬೆಳಿಗ್ಗೆ ನೋಡಿದರೆ ಹೋಳು ಬೆಂದಿರುತ್ತದೆ ಎಂದು ನಮ್ಮಲ್ಲಿ ತಮಾಷೆ. ಅಮ್ಮನಿಗೆ ಇದನ್ನು ಬರೆಯಬೇಡ.

ದಾಗ್ನಿ

*

ಕುರ್ಗಾನ್
೧೫ ಸೆಪ್ಟೆಂಬರ್ ೧೯೧೩

ಅಕ್ಕ,

ಬೇಸಿಗೆಯೆಲ್ಲ ನಿನ್ನಿಂದ ಒಂದು ಸಾಲೂ ಇಲ್ಲ. ಹೆಸರು ಮೇಲೆ ಹೋದರೆ ಕೈ ಕೆಳಗೆ ಇಳಿಯುವುದಿಲ್ಲವೋ ಏನೋ. ಆಲೂಗೆಡ್ಡೆ ವಿಷಯ ಕೇಳಿ ಎರಡು ಕಾಗದ ಹಾಕಿದ್ದೆ. ಅದಕ್ಕೂ ಉತ್ತರವಿಲ್ಲ.

ನಿನ್ನೆ ನಿನ್ನ ಹೊಸ ಚಿತ್ರ ಬಂತು, ದೀಪಸ್ತಂಭದ ಕಾವಲುಗಾರನ ಹೆಂಡತಿಯದು. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ, ನೀನು ಬೊಂಬೆಯಲ್ಲ. ಕೊನೆಯಲ್ಲಿ ಬಿರುಗಾಳಿಗೆ ಹೊರಗೆ ಹೊರಡುವ ಮುಂಚೆ ಬಾಗಿಲಿಗಾಗಿ ಕೈ ಚಾಚುತ್ತೀಯಲ್ಲ, ಅದಕ್ಕೆ ಸರಿಸಮನಾದದ್ದನ್ನು ನಾನು ಕಂಡಿಲ್ಲ. ಚಿಲಕ ಎದುರಿಗೇ ಇದೆ. ನಿನ್ನ ಕೈ ಪಕ್ಕದ ಗೋಡೆ ತಡವುತ್ತದೆ, ಕೆಳಗೆ ಇಳಿಯುತ್ತದೆ, ಮತ್ತೆ ಮೇಲೆ ಬರುತ್ತದೆ. ಯಾರೂ ಕೆಮ್ಮಲಿಲ್ಲ. ಅಗಾಫ್ಯಾ ಕಿವಿಯಲ್ಲಿ, "ಪಾಪ, ಕುರುಡಿ ಅಂತ ಮೊದ್ಲೇ ಯಾಕೆ ತೋರಿಸ್ಲಿಲ್ಲ?" ಅಂದಳು. ನನಗೂ ಅದೇ ಸಂದೇಹ. ಮೊದಲರ್ಧದಲ್ಲಿ ದುರ್ಬೀನು ಹಿಡಿದು ಹಡಗು ನೋಡುತ್ತಿದ್ದೆಯಲ್ಲ. ಕುರುಡಾದದ್ದು ಯಾವಾಗ? ನಡುವೆ ಒಂದು ತುಂಡು ಕತ್ತರಿಸಿ ಹೋಗಿದೆಯೋ ಏನೋ. ಪಾರ್ಫೆನ್ ಇಲಿಚ್ ಹರಿದ ಚಿತ್ರಕ್ಕೆ ತೇಪೆ ಹಾಕುವುದರಲ್ಲಿ ನಿಸ್ಸೀಮ.

ಏನಾದರಾಗಲಿ, ಈ ಸಲ ನಾನೂ ಅತ್ತೆ.

ಥೀರಾ

*

ಕೋಪನ್‌ಹೇಗನ್
೧೯ ಅಕ್ಟೋಬರ್ ೧೯೧೩

ಥೀರಾ,

ಹೌದು, ಪಾತ್ರ ಕುರುಡಿಯದು. ನಡುವೆ ಒಂದು ತುಂಡು ಕತ್ತರಿಸಿ ಹೋಗಿರಬೇಕು. ನಿನಗೆ ಇಷ್ಟವಾದದ್ದು ಸಂತೋಷ.

ಇಲ್ಲಿ ಕತ್ತಲೆಯ ತಿಂಗಳು ಶುರುವಾಯಿತು. ಕೆಲಸ ಬಹಳ.

ದಾಗ್ನಿ

*

ಕುರ್ಗಾನ್
೨೬ ಜನವರಿ ೧೯೧೪

ಅಕ್ಕ,

ನಾಲ್ಕು ಸಾಲಿನ ಕಾಗದವನ್ನು ಎಷ್ಟು ಸಲ ಓದಲಿ? ಅಕ್ಷರಗಳು ಸಾಸಿವೆ ಚೀಲ ಬಿಚ್ಚಿದಂತೆ ಚೆಲ್ಲಾಡಿವೆ. ಎರಡನೇ ಸಾಲು ಮೊದಲನೆಯದರ ಮೇಲೆ ಹತ್ತಿದೆ.

ಅಮ್ಮನೂ ಆ ದೀಪಸ್ತಂಭದ ಚಿತ್ರ ನೋಡಿದ್ದಾಳೆ. ಅಲ್ಲಿನ ಕೊನೆಯಲ್ಲಿ ಗಂಡ ಬದುಕಿ ಬರುತ್ತಾನಂತೆ. ನೀನು ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುತ್ತಿರುತ್ತೀಯಂತೆ. "ಒಂದೇ ಸಲಕ್ಕೆ ಪೋಣಿಸಿದಳು, ನನಗೀಗ ಆಗುವುದಿಲ್ಲ" ಎಂದು ಅಮ್ಮ ಹೆಮ್ಮೆಯಿಂದ ಬರೆದಿದ್ದಾಳೆ. ಕುರುಡಿ ಸೂಜಿ ಪೋಣಿಸುತ್ತಾಳಾ ಅಕ್ಕ?

ಇನ್ನೂ ಕೇಳು. ಕ್ರಿಸ್‌ಮಸ್ಸಿಗೆ ಬಂದ ನಿನ್ನ ಇನ್ನೊಂದು ಚಿತ್ರ ನೋಡಿ ಅಮ್ಮನಿಗೆ ಬೇಸರವಾಗಿದೆ. "ಮದುವೆಯಲ್ಲಿ ಮುಖವನ್ನೇ ತೋರಿಸಲಿಲ್ಲ. ಚರ್ಚಿನೊಳಗೆ ಹೋಗುವವರೆಗೂ ಬೆನ್ನು. ನಾನು ಬಂದು ನೋಡುತ್ತೇನೆ ಎಂದು ಗೊತ್ತಾಗಿ ನಾಚಿಕೊಂಡಳೋ, ಸಿಟ್ಟೋ?" ಆ ಚಿತ್ರ ಇಲ್ಲಿಗೂ ಬಂತು. ಇಲ್ಲಿ ನೀನು ಬೆನ್ನು ತೋರಿಸಲಿಲ್ಲ. ಹಾಸಿಗೆಯ ಮೇಲೆ ಸಾಯುತ್ತ ಮುಖವೊಂದೇ ಪರದೆ ತುಂಬ ಇತ್ತು. ಮಗುವನ್ನು ನಿನ್ನೆದುರು ಹಿಡಿದರು. ನೀನು ಮಗು ಇಲ್ಲದ ಕಡೆ ನೋಡಿ ನಕ್ಕೆ.

ಜನ ಅತ್ತರು. ನಾನು ಅಳಲಿಲ್ಲ. ಹೊರಗೆ ಹೋಗಿ ಹಿಮದಲ್ಲಿ ನಿಂತೆ.

ನಿನ್ನ ಕಣ್ಣಿಗೆ ಏನಾಗಿದೆ? ಇದಕ್ಕೆ ಮಾತ್ರ ಉತ್ತರ ಬರಿ. ಮಾವ ಅವಳನ್ನು ಇಲ್ಲಿಗೇ ಕರೆಸಿಕೋ ಅನ್ನುತ್ತಿದ್ದಾನೆ. "ಬೆಣ್ಣೆ ಮೂಸೋಕೆ ಕಣ್ಣು ಬೇಕಾಗಿಲ್ಲ" ಅಂದ. ತಮಾಷೆಗೆ ಅಂದದ್ದಲ್ಲ.

ಥೀರಾ

*

ಸ್ಕಾಗನ್
೧೦ ಮೇ ೧೯೧೪

ನನ್ನ ಪ್ರೀತಿಯ ತಂಗಿ ಥೀರಾ,

ಕೈ ಉಳುಕಿರುವುದರಿಂದ ಈ ಕಾಗದವನ್ನು ಪಕ್ಕದ ಮನೆಯವರ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ಕಣ್ಣಿನ ಬಗ್ಗೆ ಚಿಂತೆ ಬೇಡ. ದೀಪಗಳಿಂದ ಸ್ವಲ್ಪ ಆಯಾಸವಾಗಿತ್ತು, ವಿಶ್ರಾಂತಿಯಿಂದ ಸರಿಹೋಗಿದೆ. ನಾನು ಸಿನಿಮಾ ಬಿಟ್ಟೆ. ವಾಲ್ಡೆಮಾರ್ ಎಂಬ ಒಳ್ಳೆಯ ವ್ಯಕ್ತಿಯನ್ನು ಮದುವೆಯಾಗಿದ್ದೇನೆ. ಅವರದು ಇಲ್ಲಿ ಸಮುದ್ರದ ಹತ್ತಿರ ಹಳದಿ ಗೋಡೆಯ ಮನೆ. ಹಿತ್ತಲಿನಲ್ಲಿ ನೆಲ್ಲಿಯಂಥ ಹುಳಿ ಹಣ್ಣಿನ ಗಿಡಗಳು, ಕಿಟಕಿಯಿಂದ ನೋಡಿದರೆ ಎರಡು ಸಮುದ್ರಗಳು ಸೇರುವ ಗೆರೆ ಕಾಣುತ್ತದೆ. ಸಂಜೆಯಾದರೆ ಅದನ್ನೇ ನೋಡುತ್ತ ಕೂರುತ್ತೇನೆ. ಅಮ್ಮನಿಗೂ ತಿಳಿಸು.

ನಿನ್ನ ಅಕ್ಕ,
ದಾಗ್ನಿ

*

ಕುರ್ಗಾನ್
೯ ಜೂನ್ ೧೯೧೪

ಅಕ್ಕ,

ನಿನ್ನ ಕಾಗದಕ್ಕೆ ಕೊರೆಗೋಲು ಹಾಕಿದೆ. ಮೇಲೆ ಬೆಣ್ಣೆ, ಒಳಗೆ ಬೇರೆ ವಾಸನೆ.

ನೀನು ಎಂದಾದರೂ ನನ್ನನ್ನು "ನನ್ನ ಪ್ರೀತಿಯ ತಂಗಿ" ಎಂದು ಕರೆದದ್ದುಂಟೇ? ನಿನ್ನ ಕಾಗದದ ವಾಲ್ಡೆಮಾರ್ ಎಂಬವನಿಗೆ ಮೂಗಿಲ್ಲ, ಕೆಲಸವಿಲ್ಲ, ಒಂದು ಕೆಟ್ಟ ಚಟವೂ ಇಲ್ಲ. ಮದುವೆಯಾದ ಯಾವ ಹೆಂಗಸು ಗಂಡನನ್ನು ಬೈಯದೆ ಒಂದು ಕಾಗದ ಮುಗಿಸುತ್ತಾಳೆ? ಅಗಾಫ್ಯಾಗೆ ಓದಿ ಹೇಳಿದೆ. "ಅಂಥ ಗಂಡ ಎಲ್ಲಿ ಸಿಗ್ತಾನೆ ಕೇಳು, ನಂಗೂ ಒಬ್ಬ ಬೇಕು" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ತನ್ನ ಪೀಪಾಯಿಯ ಕಡೆ ತಿರುಗಿದಳು.

ಇದು ನೀವು ಬೆಳಿಗ್ಗೆ ಬಿಸಿಲಿನಲ್ಲಿ ತೆಗೆಯುವ ಕೊನೆ. ಇದು ಅಮ್ಮನಿಗೆ. ನಾನು ಇರುವುದು ಕುರ್ಗಾನಿನಲ್ಲಿ ಅಕ್ಕ. ನನಗೆ ನಮ್ಮ ಕಡೆಗೆ ಕಳಿಸುವ ಕೊನೆಯನ್ನೇ ಕಳಿಸು.

ಥೀರಾ

*

ಕೋಪನ್‌ಹೇಗನ್
೨೭ ಸೆಪ್ಟೆಂಬರ್ ೧೯೧೪

ಥೀರಾ,

ಇದನ್ನು ನಾನೇ ಬರೆಯುತ್ತಿದ್ದೇನೆ. ಸಾಲಿನ ಕೆಳಗೆ ಒಂದು ಮರದ ಪಟ್ಟಿ ಇಟ್ಟುಕೊಂಡಿದ್ದೇನೆ. ಅದು ಜಾರಿದ ಕಡೆ ನೀನೇ ಊಹಿಸಿಕೊಂಡು ಓದು.

ವಾಲ್ಡೆಮಾರ್ ಇಲ್ಲ. ಹಳದಿ ಮನೆ ಇದೆ, ಒಂದು ಚಿತ್ರಕ್ಕಾಗಿ ರಟ್ಟಿನಲ್ಲಿ ಕಟ್ಟಿದ್ದರು. ಕಾಗದ ಬರೆಸುವಾಗ ಅದೇ ನೆನಪಿಗೆ ಬಂತು. ಸ್ಕಾಗನ್ನಿಂದ ಅಂಚೆಗೆ ಹಾಕಿದ್ದು ಆ ಹಳೆಯ ಚಿತ್ರದಲ್ಲಿ ಕಪ್ತಾನನಾಗಿದ್ದವನು, ಬೇಸಿಗೆಗೆ ಅಲ್ಲಿಗೆ ಹೋಗಿದ್ದ.

ಮೊದಲು ಸಂಜೆ ಹೊತ್ತು ಕಣ್ಣಿನಲ್ಲಿ ಮರಳು ತುಂಬಿದಂತಾಗುತ್ತಿತ್ತು. ಬೆಳಿಗ್ಗೆ ಮತ್ತೆ ಕಾಣುತ್ತಿತ್ತು. ಆಮೇಲೆ ಬೆಳಿಗ್ಗೆ ಮಾತ್ರ ಕಾಣುತ್ತಿತ್ತು. ಸೂಜಿ ಪೋಣಿಸಿದ್ದು ಬೆಳಿಗ್ಗೆ, ಬಾಗಿಲು ತಡವಿದ್ದು ಅದೇ ದಿನ ಸಂಜೆ. ಥೋರ್ವಲ್ಡ್ ಕ್ಯಾಮೆರಾದ ಹಿಡಿ ತಿರುಗಿಸುವುದನ್ನು ನಿಲ್ಲಿಸಲು ಬಿಡಲಿಲ್ಲ. "ಹಾಗೇ ಇರು, ಹಾಗೇ ಇರು, ಬಹಳ ಚೆನ್ನಾಗಿ ಬರ್ತಿದೆ" ಎಂದು ಕೂಗುತ್ತಿದ್ದರು. ಡಾಕ್ಟರು ದೀಪದಿಂದ ದೂರ ಇರು ಎಂದಿದ್ದರು. ನಾನು ಯಾರಿಗೂ ಹೇಳಲಿಲ್ಲ. ಹೇಳಿ ಎಲ್ಲಿಗೆ ಹೋಗಲಿ? ದ್ವೀಪಕ್ಕೆ ಹೋಗಿ ಪ್ರಾರ್ಥನಾ ಮಂದಿರದಲ್ಲಿ ಪಾಪದ ಫಲಕ್ಕೆ ಉದಾಹರಣೆಯಾಗಿ ಮುಂದಿನ ಸಾಲಿನಲ್ಲಿ ಕೂರಲೇ?

ನೀನು ಏನು ಯೋಚಿಸುತ್ತೀಯ ಎಂದು ಗೊತ್ತು. ನಿನ್ನ ಕಾಗದದಿಂದ ಹೀಗಾಗಲಿಲ್ಲ. ದೀಪ ಮೊದಲು ಎಳೆದದ್ದು ಥೋರ್ವಲ್ಡ್. ಇನ್ನೂ ಹತ್ತಿರ ಎಳೆಯಿರಿ ಎಂದು ಹೇಳಿದ್ದು ನಾನು. ಪರದೆ ತುಂಬ ಒಂದೇ ಮುಖ, ಅದು ನನ್ನದು ಎಂಬ ಆಸೆ.

ಅವರಿಗೆ ಗೊತ್ತಾದ ಮೇಲೂ ನನ್ನನ್ನು ಬಿಡಲಿಲ್ಲ. ಮದುವೆಗಳಿಗೆ ಆಲ್ವಿಲ್ಡಾ ಎಂಬ ಹುಡುಗಿಗೆ ನನ್ನ ಬಟ್ಟೆ ತೊಡಿಸಿ ಬೆನ್ನು ತೋರಿಸಿದರು. ಅಮ್ಮ ನೋಡಿದ್ದು ಅವಳ ಬೆನ್ನು. ನನ್ನನ್ನು ಸಾಯುವುದಕ್ಕೆ ಮಾತ್ರ ಕರೆಯುತ್ತಿದ್ದರು. ಕೈ ಹಿಡಿದು ಕರೆದುಕೊಂಡು ಹೋಗಿ ದೀಪದ ಕೆಳಗೆ ನಿಲ್ಲಿಸುವರು. ಬೆಳಕು ಕಾಣುತ್ತಿರಲಿಲ್ಲ, ಕೆನ್ನೆಗೆ ಬಿಸಿ ತಾಗಿದ ಕಡೆ ಮುಖ ಎತ್ತುತ್ತಿದ್ದೆ. ಈಗ ಯುದ್ಧ ಶುರುವಾಗಿ ರಷ್ಯಾಕ್ಕೆ ನಮ್ಮ ಚಿತ್ರಗಳು ಹೋಗುತ್ತಿಲ್ಲ. ನಾನು ಸಾಯುವುದು ಯಾರಿಗೂ ಬೇಕಾಗಿಲ್ಲ.

ಕುರುಡರ ಆಶ್ರಮದಲ್ಲಿದ್ದೇನೆ. ಹಂದಿಯ ಕೂದಲಿನಿಂದ ಬ್ರಷ್ ಕಟ್ಟುತ್ತೇವೆ. ನನ್ನ ಪಕ್ಕ ಕೂರುವ ಮುದುಕಿ ಹುಟ್ಟುಕುರುಡಿ. ಸಿನಿಮಾ ಎಂದರೆ ಏನು ಎಂದು ಕೇಳಿದಳು, ಹೇಳಿದೆ. "ಅಷ್ಟೇನಾ, ಅದಕ್ಕೋಸ್ಕರ ಕಣ್ಣು ಕೊಟ್ಯಾ? ದಡ್ಡಿ" ಅಂದಳು. ಇಲ್ಲಿ ಕಾಗದಗಳನ್ನು ಓದಿ ಹೇಳಲು ಬ್ರಾಮರ್ ಎಂಬ ಹಿರಿಯ ಹೆಂಗಸು ಬರುತ್ತಾರೆ. ಬಹಳ ಒಳ್ಳೆಯವರು. ಕೆಟ್ಟ ಸುದ್ದಿ ಬಂದರೆ ಓದುವುದೇ ಇಲ್ಲ, ಹವೆಯ ಬಗ್ಗೆ, ತೋಟದ ಬಗ್ಗೆ ಏನಾದರೂ ಸೇರಿಸಿ ಮುಗಿಸುತ್ತಾರೆ. ನಮಗೆಲ್ಲ ಗೊತ್ತಾಗುತ್ತದೆ, ಯಾರೂ ಏನೂ ಅನ್ನುವುದಿಲ್ಲ.

ಒಂದು ಕೇಳಬೇಕು. ನಿಮ್ಮ ಕಡೆಗೆ ಕಳಿಸಿದ ಕೊನೆಗಳನ್ನು ಇಲ್ಲಿ ಯಾರಿಗೂ ತೋರಿಸುವುದಿಲ್ಲ. ನನ್ನ ಕಣ್ಣು ಇದ್ದಾಗಲೂ ನಾನು ನೋಡಿಲ್ಲ. ನಾನು ಹೇಗೆ ಸಾಯುತ್ತಿದ್ದೆ ಎಂಬುದು ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಹೇಗಿತ್ತು ಥೀರಾ? ಅದನ್ನು ಬರಿ.

ಅಮ್ಮನಿಗೆ ತಿಳಿಸಬೇಡ.

ದಾಗ್ನಿ

*

ಕುರ್ಗಾನ್
೩ ಫೆಬ್ರವರಿ ೧೯೧೫

ಅಕ್ಕ,

ಅಮ್ಮನಿಗೆ ಬರೆದೆ. ನೀನು ಬೇಡವೆಂದಿದ್ದೆ, ಆದರೂ ಬರೆದೆ. ಉತ್ತರ ಬಂದಿದೆ. ಪ್ರಾರ್ಥನಾ ಮಂದಿರದಲ್ಲಿ ಇದು ದೇವರ ಶಿಕ್ಷೆ ಎಂದರಂತೆ. ಅಮ್ಮ ಈಗ ಆ ಹೆಂಗಸರ ಜೊತೆ ಕಾಫಿ ಕುಡಿಯುವುದನ್ನು ತಾನೇ ಬಿಟ್ಟಿದ್ದಾಳೆ. ನಿನ್ನ ಬಳಿ ಬರುತ್ತಾಳೆ ಎಂದು ಬರೆದಿಲ್ಲ. ಬರೆಯದೆ ಇದ್ದದ್ದನ್ನು ನಾನು ಹೇಳುವುದಿಲ್ಲ. ಸೂಜಿಗೆ ದಾರ ಪೋಣಿಸುವ ಚಿತ್ರ ಮತ್ತೆ ಪೇಟೆಗೆ ಬರುತ್ತದಾ ಎಂದು ಕೇಳಿದ್ದಾಳೆ, ಅಷ್ಟೇ.

ಕಣ್ಣು ಕಾಣಬೇಕು ಎಂದು ಬರೆದದ್ದು ನನ್ನ ಕೈ. ತಪ್ಪು ನನ್ನದಲ್ಲ ಎಂದು ನೀನು ಎಷ್ಟು ಹೇಳಿದರೂ ಅಕ್ಷರ ನನ್ನದೇ. ಈ ಮಾತು ಇಲ್ಲಿಗೆ ಸಾಕು.

ಈಗ ನೀನು ಕೇಳಿದ್ದು. ಹೊಸ ಚಿತ್ರಗಳು ಬರುತ್ತಿಲ್ಲವಾದ್ದರಿಂದ ಪಾರ್ಫೆನ್ ಇಲಿಚ್ ನಿನ್ನ ದೀಪಸ್ತಂಭದ ಚಿತ್ರವನ್ನೇ ಮತ್ತೆ ಮತ್ತೆ ಹಾಕುತ್ತಾನೆ. ಊರಿನಲ್ಲಿ ಆಸ್ಪತ್ರೆ ತೆರೆದಿದ್ದಾರೆ, ಸಿನಿಮಾ ಮನೆ ತುಂಬ ಗಾಯಗೊಂಡ ಸಿಪಾಯಿಗಳು. ಹೋದ ವಾರ ನೀನು ಬಾಗಿಲಿಗಾಗಿ ಗೋಡೆ ತಡವುತ್ತಿರುವಾಗ ಒಬ್ಬ ಎದ್ದು ನಿಂತ. ಒಂದು ತೋಳು ಇಲ್ಲ. "ನಿಲ್ಸೋ ಮಾರಾಯ, ಸಾಕು. ಆ ಕಡೆ ಹೋದ್ರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು" ಅಂದ. ಪಾರ್ಫೆನ್ ಇಲಿಚ್, "ಕೂತ್ಕೊಳ್ಳಣ್ಣ, ಅಳೋದೇ ಈಗ ಬರೋದು" ಅಂದ. "ಅಳೋಕೆ ನಿನ್ನ ಚಿತ್ರ ಬೇಕಾ ನಂಗೆ?" ಎಂದು ಅವನು ಕೂರಲಿಲ್ಲ. ಹಿಂದೆ ಇದ್ದವರೂ ಎದ್ದರು. ಕೊನೆಗೆ ಯಂತ್ರ ನಿಲ್ಲಿಸಿ ದೀಪ ಹಚ್ಚಿದರು. ಅವತ್ತಿನಿಂದ ದಿನಾ ಅಲ್ಲಿಗೇ ನಿಲ್ಲಿಸುತ್ತಾರೆ.

ನೀನು ಹೇಗೆ ಸಾಯುತ್ತಿದ್ದೆ ಎಂದು ಕೇಳಿದೆಯಲ್ಲ. ಚೆನ್ನಾಗಿ ಸಾಯುತ್ತಿದ್ದೆ. ಅದನ್ನು ನೋಡಿ ನಾನು ಮೆಚ್ಚಿದೆ, ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗದು. ಈಗ ಕುರ್ಗಾನಿನಲ್ಲಿ ನೀನು ಸಾಯುವುದಿಲ್ಲ. ಬದುಕುವುದೂ ಇಲ್ಲ. ಕೈ ಚಾಚಿಕೊಂಡು ಬಾಗಿಲ ಬಳಿ ನಿಂತಿರುತ್ತೀಯ, ದೀಪ ಹತ್ತುತ್ತದೆ, ಜನ ಎದ್ದು ಮನೆಗೆ ಹೋಗುತ್ತಾರೆ.

ನಾನು ನಾಳೆ ನಿನ್ನ ಬಳಿಗೆ ಹೊರಡುತ್ತಿದ್ದೇನೆ. ಪೆಟ್ರೋಗ್ರಾಡಿನವರೆಗೆ ಬೆಣ್ಣೆಯ ರೈಲು ಗಾಡಿಯಲ್ಲಿ ಜಾಗ ಸಿಕ್ಕಿದೆ. ಅಲ್ಲಿಂದ ಟೋರ್ನಿಯೊ ಎಂಬ ಗಡಿಯ ಊರು. ಗಡಿಯಲ್ಲಿ ಬಿಡುತ್ತಾರೋ ಇಲ್ಲವೋ ಮಾವನಿಗೂ ಗೊತ್ತಿಲ್ಲ. ಬಿಟ್ಟರೆ ಹೆಪ್ಪುಗಟ್ಟಿದ ನದಿಯ ಮೇಲೆ ಹಿಮದ ಗಾಡಿಯಲ್ಲಿ ದಾಟಬೇಕಂತೆ. ರೈಲಿನಲ್ಲಿ ಬರುವ ಸಿಪಾಯಿಗಳಿಂದ ಊರಿನಲ್ಲಿ ಜ್ವರ ಹರಡಿದೆ. ಅಗಾಫ್ಯಾ ಎರಡು ವಾರದಿಂದ ಗೋದಾಮಿಗೆ ಬಂದಿಲ್ಲ. ಇವತ್ತು ಅವಳ ಶಾಲನ್ನು ಅವಳ ತಾಯಿ ತಂದು, ಇನ್ನು ಅವಳಿಗೆ ಬೇಡ ಎಂದು ನನಗೆ ಕೊಟ್ಟು ಹೋದರು. ನನಗೂ ನಿನ್ನೆಯಿಂದ ಮೈ ಬೆಚ್ಚಗಿದೆ. ಆದರೂ ಹೊರಡುತ್ತೇನೆ.

ಈ ಕಾಗದ ಓದಿ ಹೇಳುತ್ತಿರುವ ಬ್ರಾಮರ್ ಅಮ್ಮನವರೇ, ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಅಗಾಫ್ಯಾಳ ಮಾತನ್ನೂ ಜ್ವರದ ಮಾತನ್ನೂ ಬಿಡಬೇಡಿ, ಅಕ್ಕನಿಗೆ ಓದಿ ಹೇಳಿ. ಬೇಸಿಗೆಯ ಹೊತ್ತಿಗೆ ತಂಗಿ ಬಂದುಬಿಡುತ್ತಾಳೆ ಎಂದು ನೀವೇ ಸೇರಿಸಬೇಡಿ. ನನಗೆ ಗೊತ್ತಿರುವುದು ನಾಳೆ ಗಾಡಿ ಹತ್ತುತ್ತೇನೆ ಎಂಬುದಷ್ಟೇ. ಅಲ್ಲಿಗೆ ನಿಲ್ಲಿಸಿ.

ಥೀರಾ